ಮಾರುವ ಮುನ್ನ ಒಂದು ಕೋಟು ಬಣ್ಣ?

ಸುಣ್ಣ ಬಳಿದ ಗೋಡೆಗೆ ಒರಗಿ ಎದ್ದವರ ಅಂಗಿಗೆ ಬಿಳಿ ಪುಡಿ ಅಂಟಿಕೊಳ್ಳುತ್ತದಲ್ಲ, ಫ್ಲೋರಿಡಾದಲ್ಲಿ ನೀರಿನ ಮೇಲೆ ಓಡುವ ಹಳೆಯ ಜೆಟ್ ಸ್ಕೀ ಕೊಳ್ಳಲು ಹೋದವರ ಅಂಗೈಗೂ ಅದೇ ಗತಿ. ಮನೆಯ ಮುಂದೆ ಟ್ರೇಲರ್ ಮೇಲೆ ಕೂತ ಗಾಡಿಯ ಮೂತಿಯನ್ನು ಒಮ್ಮೆ ಸವರಿದರೆ ಸಾಕು, ಕೈತುಂಬ ಬೂದಿಯಂಥ ಪುಡಿ. ಕೊಂಡ ಹೊಸದರಲ್ಲಿ ಮಿರಮಿರ ಮಿಂಚುತ್ತಿದ್ದ ಕೆಂಪು ಈಗ ಒಗೆದು ಒಗೆದು ಸವೆದ ಲಂಗದ ಗುಲಾಬಿ. ಮಾರುವವನ ತಲೆಗೆ ಮೊದಲು ಬರುವ ಯೋಚನೆ ಒಂದೇ: ಒಂದು ಕೋಟು ಬಣ್ಣ ಹೊಡೆಸಿಬಿಟ್ಟರೆ? ಮನೆ ಮಾರುವ ಮುನ್ನ ಸುಣ್ಣಬಣ್ಣ ಮಾಡಿಸುವುದಿಲ್ಲವೆ?

ಮನೆಗೆ ಸರಿಹೋಗುವ ಈ ಲೆಕ್ಕ ನೀರಿನ ಗಾಡಿಗೆ ಬಹುಪಾಲು ತಾಳೆಯಾಗುವುದಿಲ್ಲ.

ಎಲ್ಲರ ಬಾಯಲ್ಲೂ ಓಡಾಡುವ ಜೆಟ್ ಸ್ಕೀ ಎಂಬ ಹೆಸರು ಅಸಲಿಗೆ ಕವಾಸಕಿ ಕಂಪನಿಯ ಟ್ರೇಡ್‌ಮಾರ್ಕ್. ಅಮೆರಿಕದ ಮೋಟೊಕ್ರಾಸ್ ಸವಾರ ಕ್ಲೇಟನ್ ಜೇಕಬ್‌ಸನ್ ಕಲ್ಪಿಸಿದ, ನಿಂತು ಓಡಿಸುವ ಯಂತ್ರವನ್ನು ಆ ಕಂಪನಿ 1970ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದಿತು. ಯಮಹಾದವರು ತಮ್ಮದನ್ನು ವೇವ್‌ರನ್ನರ್ ಎನ್ನುತ್ತಾರೆ, ಕೆನಡಾದ ಬಿಆರ್‌ಪಿಯವರು ಸೀ-ಡೂ ಎನ್ನುತ್ತಾರೆ. ಮಲ್ಪೆ, ಪಣಂಬೂರಿನಲ್ಲಿ ಪ್ರವಾಸಿಗರು ಕಾಸು ಕೊಟ್ಟು ಒಂದು ಸುತ್ತು ಹೊಡೆದು ಇಳಿಯುವ ಈ ಗಾಡಿ ಅಮೆರಿಕದಲ್ಲಿ ಎಷ್ಟೋ ಮನೆಗಳ ಸ್ವಂತ ಸ್ವತ್ತು. ಫ್ಲೋರಿಡಾ ರಾಜ್ಯವೊಂದರಲ್ಲೇ ನೋಂದಣಿಯಾಗಿರುವ ದೋಣಿ, ಜೆಟ್ ಸ್ಕೀಗಳ ಸಂಖ್ಯೆ 10 ಲಕ್ಷದ ಆಸುಪಾಸು. ಸೆಕೆಂಡ್ ಹ್ಯಾಂಡ್ ವ್ಯಾಪಾರವೂ ಅಷ್ಟೇ ಜೋರು.

ಹಳೆಯ ಗಾಡಿಗಳಲ್ಲಿ ಹಲವುಗಳ ಮೈ ಫೈಬರ್ ಗ್ಲಾಸಿನದು. ಅದರ ಬಣ್ಣ ಮೇಲಿನಿಂದ ಬಳಿದದ್ದಲ್ಲ. ಅಚ್ಚಿನ ಒಳಮೈಗೆ ಮೊದಲು ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ ಸಿಂಪಡಿಸಿ, ಅದರ ಬೆನ್ನಿಗೆ ಗಾಜಿನ ನಾರನ್ನು ರೆಸಿನ್‌ನಲ್ಲಿ ನೆನೆಸಿ ಕೂರಿಸಿ, ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸುತ್ತಾರೆ. ಮೊದಲು ಸಿಂಪಡಿಸಿದ ಪದರವೇ ಹೊರಮೈಯಾಗಿ ಕಾಣುತ್ತದೆ. ಅದಕ್ಕೆ ಜೆಲ್‌ಕೋಟ್ ಎಂದು ಹೆಸರು. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಂದರೆ ಕಾರಿನ ಬಣ್ಣಕ್ಕಿಂತ ಹಲವು ಪಟ್ಟು. ಬಿಸಿಲಿನ ನೇರಳಾತೀತ ಕಿರಣಗಳು ಇದರ ಮೇಲ್ಮೈಯನ್ನು ಮಾತ್ರ ತಿನ್ನುತ್ತವೆ. ಅಂಗೈಗೆ ಅಂಟುವ ಪುಡಿ ಹಾಗೆ ಸತ್ತುಹೋದ ಭಾಗ. ಅದರ ಕೆಳಗೆ ಮೊದಲಿನ ಕೆಂಪು ಇನ್ನೂ ಜೀವಂತ. 1000, 1500, 2000 ನಂಬರಿನ ನೀರು ಕಾಗದದಲ್ಲಿ ಹದವಾಗಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಯಂತ್ರದಿಂದ ತಿಕ್ಕಿ, ಮೇಲೆ ವ್ಯಾಕ್ಸ್ ಎಳೆದರೆ ಆ ಬಣ್ಣ ತಾನಾಗಿ ಮೇಲೆ ಬರುತ್ತದೆ. ತಗಲುವುದು ಒಂದೆರಡು ದಿನದ ರಟ್ಟೆಯ ಕೆಲಸ. ಮೂಲೆ, ಅಂಚುಗಳಲ್ಲಿ ಮಾತ್ರ ಹುಷಾರು ಬೇಕು, ಅಲ್ಲಿ ಜೆಲ್‌ಕೋಟ್ ತೆಳ್ಳಗಿರುತ್ತದೆ.

ಎಲ್ಲ ಗಾಡಿಯ ಮೈಯೂ ಒಂದೇ ಅಲ್ಲ ಎಂಬುದು ಮಾರುವವರು ಮರೆಯುವ ಸಂಗತಿ. ಒತ್ತಿ ಅಚ್ಚು ಹಾಕಿದ ಎಸ್‌ಎಂಸಿ ಎಂಬ ಸಂಯುಕ್ತದ ಮೈಗೆ ಕಾರ್ಖಾನೆಯಲ್ಲೇ ಬಣ್ಣ, ಕ್ಲಿಯರ್ ಕೋಟ್ ಬಳಿದಿರುತ್ತಾರೆ. ತೆಳುವಾದ ಅದನ್ನು ಜೆಲ್‌ಕೋಟಿನಂತೆ ಧಾರಾಳವಾಗಿ ಉಜ್ಜಿದರೆ ಅಡಿಯ ಮೈ ಹೊರಬಿದ್ದೀತು. ಇನ್ನು 4,999 ಡಾಲರಿನ ಆರಂಭಿಕ ಬೆಲೆಯೊಂದಿಗೆ ಬಂದು ಗದ್ದಲ ಎಬ್ಬಿಸಿದ 2014ರ ಸೀ-ಡೂ ಸ್ಪಾರ್ಕ್‌ನದು ಬೇರೆಯೇ ಕಥೆ. ಅದರ ಮೈ ಗಾಜಿನ ನಾರು ಬೆರೆಸಿದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಬಣ್ಣ ಪ್ಲಾಸ್ಟಿಕ್ಕಿನೊಳಗೇ ಬೆರೆತಿದೆ. ಮೊಸರಿನ ಡಬ್ಬಿಗೆ ಬಣ್ಣ ಬಳಿದು ನೋಡಿದವರಿಗೆ ಮುಂದಿನದು ಗೊತ್ತು. ಈ ಜಾತಿಯ ಪ್ಲಾಸ್ಟಿಕ್ಕಿಗೆ ಬಣ್ಣ ಸುಲಭಕ್ಕೆ ಕಚ್ಚಿಕೊಳ್ಳುವುದಿಲ್ಲ. ವಿಶೇಷ ಪ್ರೈಮರ್ ಇಲ್ಲದೆ ಹೊಡೆದದ್ದು ಹಾವಿನ ಪೊರೆಯಂತೆ ಎದ್ದು ಬರುತ್ತದೆ.

ಬಣ್ಣ ಹಿಡಿಯುವ ಮೈಗಾದರೂ ಕೆಲಸ ಸಲೀಸಲ್ಲ. ಸೀಟು, ಬಂಪರು, ಕಾಲಡಿಯ ಮ್ಯಾಟು, ಸ್ಟಿಕ್ಕರು ಎಲ್ಲ ಬಿಚ್ಚಬೇಕು. ವರ್ಷಗಟ್ಟಲೆ ಮೆತ್ತಿದ ವ್ಯಾಕ್ಸ್, ಸಿಲಿಕೋನಿನ ಅಂಶ ಪೂರ್ತಿ ತೆಗೆಯಬೇಕು, ಉಳಿದರೆ ಬಣ್ಣ ಮೀನಿನ ಕಣ್ಣಿನಂತೆ ಗುಳಿ ಬೀಳುತ್ತದೆ. ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಡಬ್ಬಿ ಬೆರೆಸುವ ಪಾಲಿಯುರಿಥೇನ್. ಇದರಲ್ಲಿರುವ ಐಸೊಸಯನೇಟ್ ಉಸಿರಿಗೆ ಸೇರಿದರೆ ಆಸ್ತಮಾ ತರಬಲ್ಲದು, ಮನೆಯ ಶೆಡ್ಡಿನಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿ ಹೊಡೆಯುವ ವಸ್ತುವಲ್ಲ. ಅಂಗಡಿಯ ಸ್ಪ್ರೇ ಡಬ್ಬಿಯದಾದರೆ, ಟ್ರೇಲರಿನ ಹಾಸುಮರಕ್ಕೆ ನಾಲ್ಕು ಸಲ ಉಜ್ಜಿ, ಎರಡು ಸಲ ಮರಳಿಗೆ ಹತ್ತಿಸಿದ ಮೇಲೆ ಉಳಿಯುವುದು ಅನುಮಾನ.

ಮಲ್ಪೆಯ ಮೀನುಗಾರಿಕೆ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ನಿಷೇಧದ 61 ದಿನಗಳಲ್ಲಿ ಬಣ್ಣ ಬಳಿಯುತ್ತಾರಲ್ಲ ಎಂದು ಕೇಳಬಹುದು. ಅದು ಮುಂದಿನ ಋತುವಿಗೂ ತಾವೇ ಕಡಲಿಗೆ ಇಳಿಸುವವರು ಉಪ್ಪುನೀರಿಗೆ ಕಟ್ಟುವ ಕವಚ. ಮಾರಾಟದ ಬಣ್ಣದ ಉದ್ದೇಶವೇ ಬೇರೆ, ಮತ್ತು ಕೊಳ್ಳುವವನಿಗೆ ಅದು ಗೊತ್ತು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಪೇಟೆಯ ಬಗ್ಗೆ ಒಂದು ಪ್ರಬಂಧ ಬರೆದರು. ಮೂರು ಪತ್ರಿಕೆಗಳು ಬೇಡವೆಂದ ಮೇಲೆ ಅದು 1970ರಲ್ಲಿ ಅಚ್ಚಾಯಿತು. 2001ರಲ್ಲಿ ಅವರಿಗೆ ನೊಬೆಲ್ ಬಂದದ್ದಕ್ಕೆ ಅದೂ ಕಾರಣ. ಗಾಡಿಯ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಗಾಡಿಯೂ ಸ್ವಲ್ಪ ಕೆಟ್ಟದ್ದೇ ಎಂದುಕೊಂಡು ಬೆಲೆ ಇಳಿಸಿಯೇ ಕೇಳುತ್ತಾನೆ ಎಂಬುದು ಅದರ ತಿರುಳು. ಹತ್ತು ವರ್ಷದ ಜೆಟ್ ಸ್ಕೀ ಮೇಲೆ ನಿನ್ನೆ ಮೊನ್ನೆಯ ಬಣ್ಣ ಕಂಡರೆ ಈ ಅನುಮಾನ ಇಮ್ಮಡಿ: ಎಲ್ಲಿ ಗುದ್ದಿದ್ದೆ, ಏನು ಮುಚ್ಚಿದ್ದೀಯ?

ಪಳಗಿದವರು ಬಾಯಿಬಿಟ್ಟು ಕೇಳುವುದೂ ಇಲ್ಲ. ರಬ್ಬರ್ ಬಂಪರಿನ ಅಂಚಿನಲ್ಲಿ ಹಾರಿಬಿದ್ದ ಬಣ್ಣದ ಚುಕ್ಕೆ, ಸ್ಕ್ರೂ ತಲೆಯ ಮೇಲಿನ ಬಣ್ಣ, ನೀರು ಬಸಿಯುವ ಬಿರಡೆಯ ಸುತ್ತ ಟೇಪು ಅಂಟಿಸಿದ ಗೆರೆ ಹುಡುಕುತ್ತಾರೆ. ಮಡಕೆ ಕೊಳ್ಳುವವರಂತೆ ಗೆಣ್ಣಿನಿಂದ ತಳವನ್ನು ತಟ್ಟುತ್ತ ಹೋಗುತ್ತಾರೆ. ಖಣಖಣ ಎನ್ನುತ್ತಿದ್ದುದು ಒಂದೆಡೆ ದಬ್ ಎಂದರೆ ಅಲ್ಲೇ ಕೈ ನಿಲ್ಲುತ್ತದೆ. ಸೀಟು ಎತ್ತಿ ಟಾರ್ಚ್ ಬಿಟ್ಟರೆ ಒಳಗಡೆ ಹೊಸದಾಗಿ ಹಚ್ಚಿದ ಫೈಬರ್ ತೇಪೆ ತಾನೇ ಕಾಣುತ್ತದೆ. ಹೊರಗಿನ ಬಣ್ಣ ಅಲ್ಲಿಗೆ ತಲುಪುವುದಿಲ್ಲ.

ಕಾನೂನಿನ ತೊಡಕೂ ಉಂಟು. ಅಮೆರಿಕದಲ್ಲಿ ಪ್ರತಿ ಜೆಟ್ ಸ್ಕೀ ಹಿಂಭಾಗದಲ್ಲಿ 12 ಅಕ್ಷರ-ಅಂಕೆಗಳ ಗುರುತಿನ ಸಂಖ್ಯೆ ಇರುತ್ತದೆ, ಅದರ ಇನ್ನೊಂದು ಪ್ರತಿ ಒಳಗೆಲ್ಲೋ ಮರೆಯಲ್ಲಿರುತ್ತದೆ. ಬಣ್ಣ ಹೊಡೆಯುವಾಗ ಅದು ಅಳಿಸಿದರೆ ಗಾಡಿ ಕದ್ದ ಮಾಲಿನಂತೆ ಕಾಣತೊಡಗುತ್ತದೆ. ಮೂತಿಯ ಎರಡೂ ಬದಿಯ ನೋಂದಣಿ ಅಕ್ಷರಗಳು ಕನಿಷ್ಠ 3 ಇಂಚು ಎತ್ತರವಿದ್ದು, ಹಿನ್ನೆಲೆಗಿಂತ ಎದ್ದು ಕಾಣಬೇಕೆಂಬ ನಿಯಮವಿದೆ. ಬಿಳಿ ಗಾಡಿಯನ್ನು ಕಪ್ಪು ಮಾಡಿದವನು ಕಪ್ಪು ಅಕ್ಷರಗಳನ್ನೂ ಬದಲಿಸಬೇಕು. ಇದೆಲ್ಲಕ್ಕಿಂತ ಹೆಚ್ಚಿನದು ಫ್ಲೋರಿಡಾದಲ್ಲಿ 2023ರ ಜುಲೈ 1ರಿಂದ ಜಾರಿಗೆ ಬಂದ ವ್ಯವಸ್ಥೆ. ಡಿಕ್ಕಿ, ಬೆಂಕಿ, ನೆಲಕ್ಕೆ ಅಪ್ಪಳಿಸಿದ್ದು ಇಂಥವುಗಳಿಂದ ತಳದ ಗಟ್ಟಿತನಕ್ಕೆ ಧಕ್ಕೆಯಾಗಿದ್ದರೆ, ಮಾಲೀಕತ್ವದ ಪತ್ರದ ಮೇಲೆಯೇ ಹಾನಿಗೊಂಡದ್ದೆಂಬ ಮುದ್ರೆ ಬೀಳಬೇಕು. ಪತ್ರದ ಮೇಲೆ ಬಣ್ಣ ಬಳಿಯಲಾದೀತೆ?

ಇನ್ನು ದುಡ್ಡಿನ ಮಾತು. ಇದ್ದ ಹಾಗೇ 6,000 ಡಾಲರಿಗೆ ಹೋಗುವ ಗಾಡಿ ಎಂದಿಟ್ಟುಕೊಳ್ಳೋಣ. ಬಣ್ಣಕ್ಕೆ 1,500 ಖರ್ಚಾದರೆ 7,500ಕ್ಕೆ ಮಾರಿದಾಗಷ್ಟೇ ಅಸಲು ಗಿಟ್ಟೀತು, ಲಾಭ ಸೊನ್ನೆ. ಅಷ್ಟು ಕೊಡುವವನು ಬಣ್ಣ ನೋಡಿ ಕೊಡುವುದಿಲ್ಲ. ಎಂಜಿನ್ ಎಷ್ಟು ಗಂಟೆ ಓಡಿದೆ, ಎಲ್ಲ ಸಿಲಿಂಡರುಗಳ ಕಂಪ್ರೆಶನ್ ಹೆಚ್ಚುಕಡಿಮೆ ಒಂದೇ ಇದೆಯೆ, ಉಪ್ಪುನೀರಿನಲ್ಲಿ ಓಡಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆಯುತ್ತಿದ್ದಿರಾ ಎಂದು ಕೇಳುತ್ತಾನೆ. ಆಯಿಲ್ ಕಡ್ಡಿ ಎಳೆದು ನೋಡುತ್ತಾನೆ. ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ ಎಂದೇ ಅರ್ಥ. ಸೂಪರ್‌ಚಾರ್ಜರ್ ಇರುವ ಹಳೆಯ ಸೀ-ಡೂ ಆದರೆ ಪ್ರಶ್ನೆ ಇನ್ನೂ ಚೂಪು. ಆ ಮಾದರಿಗಳ ಸೆರಾಮಿಕ್ ವಾಷರುಗಳು ಒಡೆದು ಚೂರುಗಳು ಎಂಜಿನ್ನಿನ ಆಯಿಲಿಗೆ ಬೀಳುತ್ತಿದ್ದುದು ಕುಖ್ಯಾತ. ಅವನ್ನು ಲೋಹದ ವಾಷರಿಗೆ ಬದಲಿಸಿದ ರಸೀದಿ ಒಂದಿದ್ದರೆ, ಯಾವ ಬಣ್ಣವೂ ತರಲಾರದ ಬೆಲೆಯನ್ನು ಅದು ತಂದೀತು.

ಹಾಗೆಂದು ಬಣ್ಣ ಎಂದೂ ಬೇಡವೆಂದಲ್ಲ. ಅಪಘಾತದ ರಿಪೇರಿ ಮುಗಿದು ಬೂದು ಪ್ರೈಮರ್ ಹಾಗೇ ಉಳಿದಿದ್ದರೆ ಆ ಭಾಗಕ್ಕಷ್ಟೇ ಬಣ್ಣ ಹೊಂದಿಸಿ ಮುಗಿಸುವುದು ಲೇಸು, ಹಂತಹಂತದ ಫೋಟೊಗಳೊಂದಿಗೆ. ಕವಾಸಕಿಯ 1970ರ ದಶಕದ ಜೆಎಸ್400 ಕೈಯಲ್ಲಿದ್ದವರು ಸಂಗ್ರಾಹಕರಿಗೆ ಮಾರುವುದಾದರೆ ಮೂಲ ಬಣ್ಣ, ಮೂಲ ಸ್ಟಿಕ್ಕರುಗಳನ್ನೇ ಮರುಕಳಿಸಬೇಕು. ಬಣ್ಣ ತೀರಾ ಕೆಟ್ಟಿದ್ದರೆ ವಿನೈಲ್ ಹಾಳೆ ಹೊದಿಸುವುದೂ ಒಂದು ದಾರಿ, ಕೊಳ್ಳುವವನು ಬೇಕೆಂದರೆ ಕಿತ್ತು ಕೆಳಗಿನದನ್ನು ನೋಡಿಕೊಳ್ಳಬಹುದು.

ಉಳಿದವರಿಗೆ ಹರಿದ ಸೀಟಿನ ಹೊದಿಕೆ, ಎದ್ದುಬಂದ ಮ್ಯಾಟು ಬದಲಿಸಿ, ಒಂದು ಶನಿವಾರ ಕಾಂಪೌಂಡು ಹಿಡಿದು ಕೂತರೆ ಸಾಕು. ಸಂಜೆಯ ಓರೆ ಬಿಸಿಲಿನಲ್ಲಿ ಎಂಟು ಹತ್ತು ಫೋಟೊ. ಮೂತಿ, ತಳ, ತೆರೆದ ಎಂಜಿನ್ ಕೋಣೆ, ಗಂಟೆ ತೋರಿಸುವ ಮೀಟರ್, ಸರ್ವಿಸ್ ರಸೀದಿಗಳು. ಕೊನೆಯ ಫೋಟೊ ಎಡಬದಿಯ ಗೀರಿನದು, ಅಳತೆಗೆಂದು ಪಕ್ಕದಲ್ಲಿ 25 ಸೆಂಟಿನ ಒಂದು ನಾಣ್ಯ.