ಹೊರದೇಶದಲ್ಲಿ ಮಾಲೀಕ, ಊರಲ್ಲಿ ಮನೆ: ವಿಮೆ ಮಾಡಿಸುವ ಬಗೆ

ಯಾದಗಿರಿ, ಶಹಾಪುರ, ಸುರಪುರದಲ್ಲಿರುವ ಮನೆಯ ಮಾಲೀಕ ದುಬೈಯಲ್ಲಿರಲಿ, ಅಮೆರಿಕದಲ್ಲಿರಲಿ, ಆ ಮನೆಗೆ ಭಾರತದ ಕಂಪನಿಯಲ್ಲೇ ವಿಮೆ ಮಾಡಿಸಬೇಕು. 1938ರ ವಿಮಾ ಕಾಯ್ದೆಯ 2ಸಿಬಿ ಕಲಮಿನ ಪ್ರಕಾರ, ಇಲ್ಲಿನ ಆಸ್ತಿಯನ್ನು ವಿದೇಶಿ ಕಂಪನಿಯಲ್ಲಿ ವಿಮೆ ಮಾಡಿಸಲು ವಿಮಾ ನಿಯಂತ್ರಣ ಪ್ರಾಧಿಕಾರದ ಪೂರ್ವಾನುಮತಿ ಬೇಕು.

ಅನಿವಾಸಿ ಭಾರತೀಯರು ಮತ್ತು ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್‌ದಾರರು ಇಲ್ಲಿ ಮನೆ, ಮಳಿಗೆ ಕೊಳ್ಳಬಹುದು. ಹೊಲ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದ ಹೊಲವನ್ನು ಉಳಿಸಿಕೊಳ್ಳಬಹುದು. ಪೌರತ್ವ ಯಾವುದೇ ಇರಲಿ, ಆಸ್ತಿ ಹಾಳಾದರೆ ತನಗೆ ನಷ್ಟವಾಗುತ್ತದೆ ಎಂದು ವಿಮೆದಾರ ತೋರಿಸಬೇಕು. ಅಪ್ಪ ತೀರಿಕೊಂಡ ಮೇಲೂ ಮನೆಯ ಖಾತೆ ಅವರ ಹೆಸರಿನಲ್ಲೇ ಉಳಿದಿದ್ದರೆ ಪರಿಹಾರ ಕೇಳುವಾಗ ತೊಡಕಾಗುತ್ತದೆ. ಆದ್ದರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿ, ಹಳ್ಳಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣದಲ್ಲಾದರೆ ನಗರಸಭೆಯ ಇ-ಖಾತೆ ಪಡೆದಿರುವುದು ಒಳ್ಳೆಯದು.

ವಾಸದ ಮನೆಗೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಇದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಗಲಭೆಯಿಂದಾಗುವ ಹಾನಿಗೆ ಇದು ರಕ್ಷಣೆ ಕೊಡುತ್ತದೆ. ಜಾಗದ ಬೆಲೆಗೆ ವಿಮೆಯಿಲ್ಲ. ಮತ್ತೆ ಕಟ್ಟಲು ತಗಲುವ ಖರ್ಚಿಗೆ ಮಾತ್ರ. ಸಾವಿರ ಚದರಡಿಯ ಮನೆ ಕಟ್ಟಲು ಚದರಡಿಗೆ 2,000 ರೂಪಾಯಿ ಬೀಳುತ್ತದೆ ಎಂದುಕೊಂಡರೆ ವಿಮಾ ಮೊತ್ತ 20 ಲಕ್ಷ. ಮನೆಯ ಸಾಮಾನುಗಳಿಗೆ ಅದರ ಶೇ 20, ಅಂದರೆ 4 ಲಕ್ಷ, ತಾನಾಗಿಯೇ ಸೇರುತ್ತದೆ. ಇದರ ಮಿತಿ 10 ಲಕ್ಷ. ಚಿನ್ನದ ಒಡವೆಗಳಿಗೆ ಬೇರೆ ರಕ್ಷಣೆ ಪಡೆಯಬೇಕು.

ಯಾದಗಿರಿ ಜಿಲ್ಲೆಯಲ್ಲಿ ಪ್ರವಾಹದ ರಕ್ಷಣೆ ಹೆಸರಿಗಷ್ಟೇ ಇರುವ ಕಲಮಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ನದಿದಂಡೆಯ ಊರುಗಳು ನೀರು ಕಂಡಿವೆ. ಆದರೆ ಎರೆ ಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರಿಂದ ಗೋಡೆಯಲ್ಲಿ ನಿಧಾನವಾಗಿ ಮೂಡುವ ಬಿರುಕು, ವರ್ಷಗಳಿಂದ ಸೋರಿ ತೊಲೆ ಶಿಥಿಲವಾದ ಮಣ್ಣಿನ ಮಾಳಿಗೆ, ಇವು ಸವೆತದ ಲೆಕ್ಕಕ್ಕೆ ಹೋಗುತ್ತವೆ, ಪರಿಹಾರ ಸಿಗದು. ಗೋಡೆ ಮಣ್ಣಿನದೋ ಕಲ್ಲಿನದೋ, ಮೇಲೆ ಏನು ಹೊದಿಸಿದೆ ಎಂಬುದನ್ನು ಅರ್ಜಿಯಲ್ಲಿ ಇದ್ದದ್ದು ಇದ್ದಂತೆ ಬರೆಯಬೇಕು.

ಹೊರದೇಶದವರು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಮನೆಗೆ ಬೀಗ ಬಿದ್ದಿರುವ ಸಂಗತಿ. ಹಿಂದಿನ ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ ಮನೆ 30 ದಿನಕ್ಕಿಂತ ಹೆಚ್ಚು ಖಾಲಿಯಿದ್ದರೆ, ಕಂಪನಿಯ ಒಪ್ಪಿಗೆ ಪಡೆಯದ ಹೊರತು ರಕ್ಷಣೆ ನಿಲ್ಲುತ್ತಿತ್ತು. ಈಗಿನ ಪಾಲಿಸಿಯ ಷರತ್ತನ್ನೂ ಓದಿ, ಮನೆ ಖಾಲಿಯಿದೆಯೋ ಬಾಡಿಗೆಗಿದೆಯೋ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಗೃಹ ರಕ್ಷಾದಲ್ಲಿ ಕಳವಿಗೆ ರಕ್ಷಣೆಯಿರುವುದು ಬೆಂಕಿ, ಪ್ರವಾಹದಂಥ ಅವಘಡದ ನಂತರದ 7 ದಿನಗಳೊಳಗೆ ಮಾತ್ರ. ಬೀಗ ಮುರಿದು ನಡೆಯುವ ಕಳವಿಗೆ ಬೇರೆ ಪಾಲಿಸಿ ಬೇಕು.

ಹಾನಿಯಾದಾಗ ಕಂಪನಿ ಕಳಿಸುವ ಸರ್ವೇಯರ್‌ಗೆ ಮನೆ ತೋರಿಸಿ, ಕಾಗದಪತ್ರ ಕೊಡಲು ಊರಿನಲ್ಲಿ ಒಬ್ಬರು ಇರಲೇಬೇಕು. ತಮ್ಮನಿಗೋ ಚಿಕ್ಕಪ್ಪನಿಗೋ ಮುಖ್ತಿಯಾರ್ ಪತ್ರ ಕೊಡುವುದು ಸಾಮಾನ್ಯ. ಹೊರದೇಶದಲ್ಲಿ ಬರೆದ ಪತ್ರವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಕರ್ನಾಟಕಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮನೆಯ ಒಳಹೊರಗಿನ ಫೋಟೊ, ಸಾಮಾನುಗಳ ರಸೀದಿಗಳ ಒಂದು ಪ್ರತಿ ಮಾಲೀಕರ ಬಳಿಯೂ ಇರಲಿ.

ಪ್ರೀಮಿಯಂ ಅನ್ನು ಅನಿವಾಸಿಗಳ ಬ್ಯಾಂಕ್ ಖಾತೆಗಳಾದ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಕಟ್ಟಬಹುದು. ಹಣ ಸಂದಾಯವಾಗುವ ಮುನ್ನ ಕಂಪನಿಯ ಹೊಣೆ ಶುರುವಾಗದು. ಹೊಳೆಗೆ ನೀರು ಬಿಟ್ಟ ಸುದ್ದಿ ಕೇಳಿ ಓಡಾಡಿದರೆ ತಡವಾದೀತು. ಕಂಪನಿ ಪರಿಹಾರ ನಿರಾಕರಿಸಿದರೆ ಮೊದಲು ಅದರ ದೂರು ವಿಭಾಗಕ್ಕೆ, ಅಲ್ಲೂ ನ್ಯಾಯ ಸಿಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಹೊಲದ ಹತ್ತಿ, ತೊಗರಿ, ಭತ್ತ ಮನೆಯ ಪಾಲಿಸಿಗೆ ಸೇರುವುದಿಲ್ಲ. ಅವುಗಳಿಗೆ 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಇದೆ. ಅದರ ರಕ್ಷಣೆ ಬೆಳೆಗೇ ಹೊರತು ಭೂಮಿಗಲ್ಲ.