ಮೊಬೈಲಿನಲ್ಲಿ ಬಿಕರಿಗಿಟ್ಟ ಮಣ್ಣುಮುಕ್ಕ

ಅರಸೀಕೆರೆ ಸೀಮೆಯ ರಾಗಿ ಹೊಲ, ತೆಂಗಿನ ತೋಟಗಳಂಥ ಒಣನೆಲ ಮಣ್ಣುಮುಕ್ಕ ಹಾವಿಗೆ ಹೇಳಿ ಮಾಡಿಸಿದ ಜಾಗ. ಅದಕ್ಕೆ ವಿಷವಿಲ್ಲ. ಸಡಿಲ ಮಣ್ಣಿನೊಳಗೆ ಅಡಗಿದ್ದು, ಇಲಿಗಳನ್ನು ನುಂಗಿ ರೈತನ ಬೆಳೆ ಕಾಯುತ್ತದೆ. ಬಾಲ ಮೊಂಡಾದ್ದರಿಂದ ಎರಡು ತುದಿಯೂ ತಲೆಯಂತೆಯೇ ಕಾಣುತ್ತವೆ. ಅಷ್ಟೇ ಸಾಕಾಯಿತು. ‘ಎರಡು ತಲೆ ಹಾವು’ ಮನೆಯಲ್ಲಿದ್ದರೆ ನಿಧಿ ಸಿಗುತ್ತದೆ, ವಾಸಿಯಾಗದ ಕಾಯಿಲೆ ವಾಸಿಯಾಗುತ್ತದೆ ಎಂಬ ಸುಳ್ಳು ಹಬ್ಬಿ, ತೂಕಕ್ಕೆ ತಕ್ಕಂತೆ ಲಕ್ಷಗಟ್ಟಲೆ ಬೆಲೆ ಹೇಳುವ ದಂಧೆ ಬೆಳೆಯಿತು.

ಈ ದಂಧೆಗೆ ಈಗ ಸಂತೆ ಬೇಕಿಲ್ಲ. ಹಾವನ್ನು ತಕ್ಕಡಿಗೆ ಹಾಕಿ ವಿಡಿಯೊ ಮಾಡಿ ಯೂಟ್ಯೂಬಿಗೆ ಬಿಟ್ಟರೆ ಮುಗಿಯಿತು. ಮುಂದಿನ ಮಾತೆಲ್ಲ ವಾಟ್ಸ್‌ಆ್ಯಪ್‌ನಲ್ಲಿ. 2016ರಿಂದ 2021ರವರೆಗೆ ದೇಶದಲ್ಲಿ ಮಣ್ಣುಮುಕ್ಕ ವಶಪಡಿಸಿಕೊಂಡ 172 ಪ್ರಕರಣಗಳನ್ನು ವನ್ಯಜೀವಿ ಸಂರಕ್ಷಣೆಯ ಡಬ್ಲ್ಯುಸಿಎಸ್ ಇಂಡಿಯಾ ಸಂಸ್ಥೆ ದಾಖಲಿಸಿತ್ತು. ಸಿಕ್ಕಿಬಿದ್ದದ್ದಷ್ಟೇ ಇದು.

ಉಡದ ಕಥೆ ಇನ್ನೂ ಕ್ರೂರ. ‘ಹತ್ಥಾ ಜೋಡಿ’ ಎಂಬ ಅಪರೂಪದ ಬೇರು, ಪೂಜೆಯ ಕೋಣೆಯಲ್ಲಿಟ್ಟರೆ ಲಕ್ಷ್ಮಿ ಒಲಿಯುತ್ತಾಳೆ ಎಂದು ದೊಡ್ಡ ದೊಡ್ಡ ಆನ್‌ಲೈನ್ ಮಳಿಗೆಗಳಲ್ಲೇ ಮಾರುತ್ತಿದ್ದರು. ಅದು ಬೇರಲ್ಲ, ಗಂಡು ಉಡದ ಒಣಗಿಸಿದ ಜನನಾಂಗ ಎಂಬುದು 2017ರಲ್ಲಿ ಬಯಲಾಯಿತು. ಭಕ್ತಿಯಿಂದ ಕುಂಕುಮ ಹಚ್ಚಿ ಕೈಮುಗಿದ ಎಷ್ಟೋ ಜನರಿಗೆ ತಾವು ಯಾವುದಕ್ಕೆ ಹಣ ಕೊಟ್ಟೆವೆಂಬುದೇ ಗೊತ್ತಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು, ಅದನ್ನು ಅಂಗಡಿಗಿಟ್ಟು ಕಮಿಷನ್ ಎಣಿಸಿದವರ ಮೇಲೆ. ಉಡ ವನ್ಯಜೀವಿ ಕಾಯ್ದೆಯ ಮೊದಲ ಪರಿಶಿಷ್ಟದ ಪ್ರಾಣಿ. ಅದರ ಅಂಗಾಂಗ ಮಾರಿದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಹುಲಿಯ ಪಾಡೂ ಬೇರೆಯಲ್ಲ. ಬೇಲೂರು, ಹಳೇಬೀಡಿನಲ್ಲಿ ಹೊಯ್ಸಳರ ಮೂಲಪುರುಷ ಸಳ ಹುಲಿಯೊಡನೆ ಸೆಣಸುವ ಶಿಲ್ಪ ನೋಡದೆ ಬಂದವರಿಲ್ಲ. ಆ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಮರುತಿಂಗಳೇ ಬಿಗ್ ಬಾಸ್ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಲಾಕೆಟ್ ಧರಿಸಿದ ಆರೋಪದಲ್ಲಿ ಬಂಧನಕ್ಕೊಳಗಾದರು. ಇಂಥದ್ದನ್ನು ಮಾರುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ ಎಂಬುದು ರಾಜ್ಯದ ಮನೆಮನೆಗೆ ತಲುಪಿದ್ದು ಆಗಲೇ.

ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿ ಜನರ ಮಾತನ್ನೂ ಇಲ್ಲಿ ಹೇಳಬೇಕು. ಬೇಟೆಯೇ ಕುಲಕಸುಬಾಗಿದ್ದ ಸಮುದಾಯವದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅನ್ನದ ದಾರಿಯನ್ನೇ ಬದಲಿಸಿಕೊಳ್ಳಬೇಕಾಯಿತು. ಗಿಡಮೂಲಿಕೆ ಎಣ್ಣೆ ಮಾರಲು ಹಕ್ಕಿಪಿಕ್ಕಿಗಳು ಆಫ್ರಿಕಾದವರೆಗೂ ಹೋದರು. ಬಡವರು ಇಷ್ಟು ದೊಡ್ಡ ಬದಲಾವಣೆ ಮಾಡಿಕೊಂಡಿರುವಾಗ, ನಮಗೆ ಯಾವ ಚಪ್ಪಲಿ ಬೇಕೆಂದು ನಮಗಿಂತ ಮೊದಲೇ ಊಹಿಸುವ ಕಂಪನಿಗಳು ಒಂದು ಹಾವಿನ ಜಾಹೀರಾತು ಗುರುತಿಸಲಾರವು ಎಂದರೆ ನಂಬುವುದು ಹೇಗೆ?

2016ರಲ್ಲಿ ಕೇಂದ್ರ ಸರ್ಕಾರವೇ ವನ್ಯಜೀವಿ ಮಾರಾಟದ 106 ಜಾಲತಾಣಗಳ ವಿಷಯವನ್ನು ರಾಜ್ಯಸಭೆಗೆ ತಿಳಿಸಿತ್ತು. 2018ರಲ್ಲಿ ಗೂಗಲ್, ಇಬೇ, ಫೇಸ್‌ಬುಕ್ ಸೇರಿ 21 ಕಂಪನಿಗಳು ಎರಡು ವರ್ಷದಲ್ಲಿ ಈ ಮಾರಾಟವನ್ನು ಶೇ 80ರಷ್ಟು ತಗ್ಗಿಸುವ ಗುರಿ ಘೋಷಿಸಿದವು. ಕದೀಮರು ಮಾತ್ರ ಕಾಗುಣಿತ ಬದಲಿಸಿ, ಚಿತ್ರವನ್ನಷ್ಟೇ ಹಾಕಿ ನುಸುಳುತ್ತಾರೆ. ಪದ ಹುಡುಕಿ ಅಳಿಸುವ ಯಂತ್ರ ಇದಕ್ಕೆ ಸಾಲದು. ಕನ್ನಡ, ತೆಲುಗು, ಮರಾಠಿ ಬಲ್ಲ, ಉಡ ಯಾವುದು ಬೇರು ಯಾವುದು ಎಂದು ಬಲ್ಲ ಮನುಷ್ಯರನ್ನೇ ಕಂಪನಿಗಳು ಈ ಕೆಲಸಕ್ಕೆ ಕೂರಿಸಬೇಕು. ಅಳಿಸುವ ಮೊದಲು ಮಾರಾಟಗಾರನ ವಿವರವನ್ನು ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊಗೆ ಕೊಡಬೇಕು. ಇಲ್ಲದಿದ್ದರೆ ಆತ ಮರುದಿನವೇ ಬೇರೆ ಹೆಸರಲ್ಲಿ ಅಂಗಡಿ ತೆರೆಯುತ್ತಾನೆ.

ನಿಮ್ಮ ಮೊಬೈಲಿಗೂ ಇಂಥ ವಿಡಿಯೊ ಬಂದೀತು. ತಮಾಷೆಗೂ ಬೆಲೆ ಕೇಳಬೇಡಿ, ಇನ್ನೊಬ್ಬರಿಗೆ ಕಳಿಸಬೇಡಿ. ಲಿಂಕ್, ಫೋನ್ ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.