ಬೋಟಿನ ಪೆಟ್ಟಿಗೆಯೊಳಗೊಂದು ಕಾನೂನು

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನಗಳಲ್ಲೇ ಸಂಪರ್ಕ ಕಳೆದುಕೊಂಡಿತು. ಅದರಲ್ಲಿದ್ದ ಏಳು ಮಂದಿಯಲ್ಲಿ ಐವರು ಉತ್ತರ ಕನ್ನಡದವರು. ನೌಕಾಪಡೆಗೆ ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ ಬಳಿಯ ಕಡಲಾಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಬೋಟುಗಳಲ್ಲಿ ಜಿಪಿಎಸ್ ಇರುವ ಕಾಲದಲ್ಲಿ ಇಷ್ಟು ತಿಂಗಳು ಯಾಕೆ ಬೇಕಾಯಿತು?

ಜಿಪಿಎಸ್ ಬರೀ ಕೇಳಿಸಿಕೊಳ್ಳುವ ಯಂತ್ರ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ತಲುಪಿದ ಸಮಯವನ್ನು ಲೆಕ್ಕ ಹಾಕಿ ತಾನೆಲ್ಲಿದ್ದೇನೆ ಎಂದು ಅದು ತಿಳಿದುಕೊಳ್ಳುತ್ತದೆ. ಆ ತಿಳಿವಳಿಕೆ ಬೋಟಿನಲ್ಲೇ ಉಳಿಯುತ್ತದೆ. ದಡಕ್ಕೆ ಸುದ್ದಿ ಮುಟ್ಟಿಸಲು ಬೇರೆಯೇ ಯಂತ್ರ ಬೇಕು. ಆಳಸಮುದ್ರಕ್ಕೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ವಿಎಚ್‌ಎಫ್ ರೇಡಿಯೊ ಅಲೆ ನೇರ ಸಾಗುವಂಥದ್ದು, ಭೂಮಿಯ ಬಾಗು ಅದನ್ನು ತಡೆಯುತ್ತದೆ.

ಈ ಕೊರತೆ ನೀಗಲು ಬಂದದ್ದು ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್. ಕರಾವಳಿ ರಾಜ್ಯಗಳ ಒಂದು ಲಕ್ಷ ಬೋಟುಗಳಿಗೆ ಇದನ್ನು ಅಳವಡಿಸುವ ಸುಮಾರು 364 ಕೋಟಿ ರೂಪಾಯಿಯ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ಸಿಕ್ಕಿತು. ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಿಂದ ದಿನಗಟ್ಟಲೆ ದೂರ ಹೋಗುವವರಿಗೆ ಇದು ಜೀವ ಉಳಿಸುವ ಸಾಧನ. ಉಪಗ್ರಹದ ಮೂಲಕ ಬೋಟಿನ ಜಾಗ ದಡಕ್ಕೆ ಗೊತ್ತಾಗುತ್ತದೆ, ಬಿರುಗಾಳಿಯ ಎಚ್ಚರಿಕೆ ಬೋಟಿಗೆ ಬರುತ್ತದೆ, ಅಪಾಯದಲ್ಲಿ ಗುಂಡಿ ಒತ್ತಿದರೆ ಕರೆ ಹೋಗುತ್ತದೆ.

ಆದರೆ ಜಾಗ ತಿಳಿಸುವ ಪೆಟ್ಟಿಗೆ ಕಾವಲನ್ನೂ ಕಾಯಬಲ್ಲದು. ಟ್ರಾಲರ್ ಬಲೆ ಎಳೆಯುವಾಗ ಗಂಟೆಗೆ ಎರಡರಿಂದ ನಾಲ್ಕು ನಾಟಿಕಲ್ ಮೈಲಿಯಷ್ಟು ನಿಧಾನವಾಗಿ ಸಾಗುತ್ತದೆ. ಬಂದರಿಗೆ ಮರಳುವಾಗ ಇದಕ್ಕಿಂತ ವೇಗ. ಹೀಗಾಗಿ ಜಾಗದ ಬಿಂದುಗಳನ್ನು ಜೋಡಿಸಿದರೆ ಮೀನು ಹಿಡಿದದ್ದು ಎಲ್ಲಿ ಎಂದು ಕಂಪ್ಯೂಟರ್ ಊಹಿಸಬಹುದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವನ್ನು ಯಾರು ಮೀರಿದರು, ನಾಡದೋಣಿಗಳಿಗೆ ಮೀಸಲಾದ ದಡದ ನೀರಿಗೆ ಯಾರು ನುಗ್ಗಿದರು ಎಂಬುದನ್ನೂ ಹೇಳಬಹುದು.

ಸಾಫ್ಟ್‌ವೇರಿನ ವಿನ್ಯಾಸವೇ ಕಾನೂನಿನ ಕೆಲಸ ಮಾಡುತ್ತದೆ ಎಂದು ಅಮೆರಿಕದ ಕಾನೂನು ವಿದ್ವಾಂಸ ಲಾರೆನ್ಸ್ ಲೆಸಿಗ್ 1999ರಲ್ಲೇ ವಾದಿಸಿದ್ದರು. ನಮ್ಮ ಮೀನುಗಾರರಿಗೆ ಇದು ಹೊಸತೇನಲ್ಲ. ಟ್ರಾಲ್ ಬಲೆಯ ತುದಿಚೀಲದ ವಜ್ರಾಕಾರದ ಕಣ್ಣುಗಳು ಎಳೆದಾಗ ಮುಚ್ಚಿಕೊಳ್ಳುತ್ತವೆ, ಮರಿಮೀನುಗಳೂ ಒಳಗೇ ಉಳಿಯುತ್ತವೆ. ಚೌಕಾಕಾರದ ಕಣ್ಣುಗಳು ಎಳೆತದಲ್ಲೂ ತೆರೆದೇ ಇರುತ್ತವೆ, ಮರಿಗಳು ಪಾರಾಗುತ್ತವೆ. ಮರಿ ಹಿಡಿಯಬೇಡಿ ಎಂಬ ನಿಯಮ ಅಲ್ಲಿ ನೂಲಿನ ಗಂಟಿನಲ್ಲೇ ಇದೆ. ಬಲೆಯಾದರೆ ಕಣ್ಣಿಗೆ ಕಾಣುತ್ತದೆ, ಕೈಯಲ್ಲಿ ಹಿಡಿದು ವಾದಿಸಬಹುದು. ಪೆಟ್ಟಿಗೆಯೊಳಗಿನ ನಿಯಮ ಬೋಟು ನಡೆಸುವ ತಾಂಡೇಲನಿಗೆ ಕಾಣುವುದಿಲ್ಲ.

ನನ್ನ ಆತಂಕ ಇರುವುದು ಇಲ್ಲೇ. ಎಂಜಿನ್ ಕೆಟ್ಟು ನಿಧಾನವಾಗಿ ದಡದತ್ತ ತೇಲಿಬಂದ ಬೋಟೂ ಬಲೆ ಎಳೆಯುತ್ತಿದ್ದ ಬೋಟೂ ಪರದೆಯ ಮೇಲೆ ಒಂದೇ ರೀತಿ ಕಾಣಬಹುದು. ಕಾವಲು ದೋಣಿಯ ಅಧಿಕಾರಿಗೆ ಕಾರಣ ಹೇಳಬಹುದಿತ್ತು. ಯಂತ್ರಕ್ಕೆ ಹೇಳುವುದು ಹೇಗೆ? ಇತ್ತ 2017ರ ನವೆಂಬರಿನಲ್ಲಿ ಕೇಂದ್ರ ನಿಷೇಧಿಸಿದ ಬೆಳಕಿನ ಮೀನುಗಾರಿಕೆಯನ್ನು ಜಾಗವಷ್ಟೇ ತಿಳಿಸುವ ಪೆಟ್ಟಿಗೆ ಗುರುತಿಸುವುದೂ ಕಷ್ಟ. ದೀಪ ಹಚ್ಚಿ ನಿಂತ ಬೋಟು, ಲಂಗರು ಹಾಕಿ ನಿಂತ ಬೋಟು ಎರಡೂ ಅದಕ್ಕೆ ಒಂದೇ.

ಇನ್ನು ಮೀನು ಸಿಗುವ ಜಾಗದ ಗುಟ್ಟು. ಅದು ತಾಂಡೇಲನ ಹಲವು ವರ್ಷಗಳ ಗಳಿಕೆ, ದಾಖಲೆ ಸೋರಿದರೆ ಪರರ ಪಾಲು. ವಿನ್ಯಾಸದಲ್ಲೇ ಇದಕ್ಕೆ ದಾರಿಯಿದೆ: ದಿನನಿತ್ಯದ ಜಾಡನ್ನು ಬೀಗ ಹಾಕಿದ ರೂಪದಲ್ಲಿಟ್ಟು ಅಪಾಯದ ಕರೆ ಬಂದಾಗ ಮಾತ್ರ ತಕ್ಷಣ ತೆರೆಯಬಹುದು, ನಿಯಮ ಮೀರಿದ ಶಂಕೆಯಿದ್ದರೆ ತೆರೆಯಲು ಲಿಖಿತ ಆದೇಶ ಬೇಕೆನ್ನಬಹುದು, ಯಾರು, ಯಾವಾಗ ನೋಡಿದರು ಎಂಬುದು ಬೋಟಿನವರ ಮೊಬೈಲಿನಲ್ಲೂ ಕನ್ನಡದಲ್ಲಿ ಕಾಣುವಂತೆ ಮಾಡಬಹುದು. ಇವುಗಳಲ್ಲಿ ಯಾವುದಕ್ಕೂ ಹೊಸ ಉಪಗ್ರಹ ಬೇಕಿಲ್ಲ. ಪೆಟ್ಟಿಗೆಯನ್ನು ಬೋಟಿಗೆ ಬಿಗಿಯುವ ಮೊದಲು ಮೀನುಗಾರರ ಸಂಘಗಳನ್ನು ಕೂರಿಸಿಕೊಂಡು ಈ ನಿಯಮಗಳನ್ನು ತೀರ್ಮಾನಿಸಬೇಕು.